ಮನೆ ನಡೆಯುತ್ತಿದೆಯಲ್ಲ, ನಷ್ಟವೇನು?

ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ಸಣ್ಣದೊಂದು ಸದ್ದು. ಚಮಚ ತಟ್ಟೆಯ ಅಂಚಿಗೆ ತಾಗಿದಷ್ಟೇ. ಆಮೇಲೆ ನಲ್ಲಿಯ ನೀರು, ಅದೂ ಪೂರ್ತಿ ತಿರುಗಿಸದೆ, ದಾರದಷ್ಟು ಸಣ್ಣಗೆ. ಹೊರಕೋಣೆಯಲ್ಲಿ ಮಲಗಿರುವ ತಮ್ಮ ಕಣ್ಣು ಬಿಡದೆಯೇ ಕೇಳುತ್ತಾನೆ.

"ಅಕ್ಕಾ, ವಕೀಲ್ರು ಹೇಳಿದ್ದು ಮರ್ತೋಯ್ತಾ?"

"ನಾನಲ್ಲ ಕಣೋ, ಇಲಿ."

"ಇಲಿ ಸೋಪು ಹಾಕಿ ತಿಕ್ತಾ ಇದೆಯಾ?"

ನೀರು ನಿಲ್ಲುತ್ತದೆ. ತಮ್ಮನ ಗೊರಕೆ ಶುರುವಾದ ಮೇಲೆ ಮತ್ತೆ ಹರಿಯುತ್ತದೆ. ಬೆಳಗಾಗುವಷ್ಟರಲ್ಲಿ ಪಾತ್ರೆಗಳೆಲ್ಲ ಒರೆಸಿ, ಬೋರಲು ಹಾಕಿ, ಶಾಲೆಯ ಮಕ್ಕಳ ಹಾಗೆ ಸಾಲಾಗಿ ಕೂತಿರುತ್ತವೆ.

ಆ ದಿನ ಮನೆಗೆ ವಿಮಾ ಕಂಪನಿಯ ಪರಿಶೀಲಕ ಬರುವವನಿದ್ದ. ಎರಡು ದಿನ ಪಾತ್ರೆ ತೊಳೆಯಬೇಡಿ, ನೆಲ ಒರೆಸಬೇಡಿ, ಒಗೆದ ಬಟ್ಟೆ ಮಡಚಬೇಡಿ ಎಂದು ಹೇಳಿ ಕಳಿಸಿದ್ದು ಮನೆಯವರದೇ ವಕೀಲರು. ಮನೆ ಹಾಳು ಸುರಿಯುವ ಹಾಗೆ ಕಾಣಬೇಕಿತ್ತು. ಎಷ್ಟು ಹಾಳು ಸುರಿದರೆ, ಲಾರಿಗೆ ಸಿಕ್ಕಿ ಸತ್ತ ಗೃಹಿಣಿಯ ಬೆಲೆ ಅಷ್ಟು ಏರುತ್ತಿತ್ತು.

ಪಾತ್ರೆ ತೊಳೆದ ಇಲಿಗೆ ಈಗ ಐವತ್ತೆರಡು ವರ್ಷ. ಸತ್ತವಳ ಗಂಡನ ಅಕ್ಕ. ಆರೂವರೆ ವರ್ಷದ ಪುಟ್ಟಿಗೆ ಸೋದರತ್ತೆಯಾದ್ದರಿಂದ ಮನೆಯಲ್ಲಿ "ಅತ್ತೆ". ಪುಟ್ಟಿ ಕೂಗುವುದನ್ನು ಕೇಳಿ ಕೇಳಿ ಕೆಳಗಿನ ಮಹಡಿಯವರಿಗೂ, ಹಾಲಿನವನಿಗೂ, ಬೂಟು ಹೊಲಿಯುವವನಿಗೂ ಅತ್ತೆಯೇ. "ಮದುವೆನೇ ಆಗ್ಲಿಲ್ಲ, ಸೊಸೆ ಎಲ್ಲಿಂದ ಬರ್ಬೇಕು? ಆದ್ರೂ ಬೀದಿಗೆಲ್ಲ ನಾನೇ ಅತ್ತೆ" ಎಂದು ನಗುತ್ತಾರೆ. ನಗುವಾಗ ಕೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಾರೆ. ಮುಂದಿನ ಒಂದು ಹಲ್ಲಿಲ್ಲ. ಲೇಖನದಲ್ಲಿ ಹೆಸರು ಬೇಡ ಎಂದವರು ಅವರೇ. "ನನ್ನಂಥೋರು ಬೀದಿಗೆ ನಾಲ್ಕು ಜನ ಇದಾರೆ. ಯಾರು ಅಂತ ಯಾರಿಗೂ ಗೊತ್ತಾಗಲ್ಲ, ಬರ್ಕೊಳ್ಳಿ. ನಮ್ಮನೇಲಿ ಪೇಪರ್ ಇರೋದು ಅಲಮಾರಿಗೆ ಹಾಸೋಕೆ."

ಅವರ ದಿನ ತಮ್ಮನಿಗಿಂತ ಮೊದಲು ಶುರುವಾಗುತ್ತದೆ. ತಮ್ಮನಿಗೆ ಬೇಕರಿಯಲ್ಲಿ ನಸುಕಿನ ಪಾಳಿ. ಅವನು ಮೆಟ್ಟಿಲಿಳಿದ ಮೇಲೆ ಒಲೆಯ ಮೇಲೆ ನೀರು ಕಾಯುತ್ತದೆ, ಟವೆಲು ಅದರಲ್ಲಿ ಅದ್ದಿ ಹಿಂಡಿ ಪುಟ್ಟಿಯ ಎಡಗಾಲಿಗೆ ಸುತ್ತುತ್ತಾರೆ. ಮಗು ಅರ್ಧ ನಿದ್ದೆಯಲ್ಲೇ ಬಾಗಿಲ ಚೌಕಟ್ಟಿಗೆ ಪಾದ ಒತ್ತಿ ಬಿಡಬೇಕು. ಎಣಿಸುವವಳು ಅವಳೇ.

"ಹತ್ತು, ಹನ್ನೊಂದು, ಹನ್ನೆರಡು... ಇಪ್ಪತ್ತಾಯ್ತು ಅತ್ತೆ."

"ಹನ್ನೆರಡರಿಂದ ಇಪ್ಪತ್ತಕ್ಕೆ ಯಾವ ಕಾಲಲ್ಲಿ ಹಾರ್ದೆ ತಾಯಿ? ಅದನ್ನ ನನಗೂ ತೋರ್ಸು."

ಪುಟ್ಟಿ ಕಿಸಕ್ಕನೆ ನಕ್ಕು ಹದಿಮೂರಕ್ಕೆ ವಾಪಸು ಬರುತ್ತಾಳೆ. ಅವಳ ಎಡ ಬೂಟಿನ ಅಟ್ಟೆಗೆ ಬೂಟು ಹೊಲಿಯುವವನು ರಬ್ಬರಿನ ಪದರ ಅಂಟಿಸಿದ್ದಾನೆ. ಮೊದಲು ಒಂದಿತ್ತು, ಈಗ ಮೂರು. "ಬೂಟು ಬೆಳೀತಾ ಇದೆ, ಕಾಲು ಬೆಳೀತಾ ಇಲ್ಲ" ಎನ್ನುತ್ತಾರೆ ಅತ್ತೆ, ಮಗು ಬಚ್ಚಲಿಗೆ ಹೋದಾಗ, ದನಿ ತಗ್ಗಿಸಿ.

ಮೂರನೆಯ ಮಹಡಿಯಿಂದ ಮಗುವನ್ನು ಎತ್ತಿಕೊಂಡೇ ಇಳಿಯುತ್ತಾರೆ; ಹತ್ತುವಾಗ ಮಾತ್ರ ಅವಳೇ ಹತ್ತಬೇಕೆಂದು ವೈದ್ಯರು ಹೇಳಿದ್ದಾರೆ. ಶಾಲೆಗೆ ಬಸ್ಸು, ಅಲ್ಲಿಂದ ತರಕಾರಿ, ಬಂದು ಅಡುಗೆ, ಒಗೆತ, ಬೇಕರಿಯ ಹಿಟ್ಟು ಮೆತ್ತಿದ ತಮ್ಮನ ಅಂಗಿಗಳನ್ನು ನೆನೆಹಾಕುವುದು, ಮಧ್ಯಾಹ್ನ ಮತ್ತೆ ಶಾಲೆ, ವಾರಕ್ಕೆರಡು ಸಲ ಆಸ್ಪತ್ರೆಯ ವ್ಯಾಯಾಮದ ಕೋಣೆ. ಮನೆ ಬಿಡುವ ಮುಂಚೆ ಗ್ಯಾಸ್ ಒಲೆ ಆರಿದೆಯೇ ಎಂದು ನೋಡುತ್ತಾರೆ, ಬಾಗಿಲು ಹಾಕಿದ ಮೇಲೆ ತೆಗೆದು ಇನ್ನೊಮ್ಮೆ ನೋಡುತ್ತಾರೆ. ಬಿಡುವು ಯಾವಾಗ ಎಂದು ಕೇಳಿದರೆ ಸ್ವಲ್ಪ ಯೋಚಿಸಿ, "ಬಸ್ಸಲ್ಲಿ ಸೀಟು ಸಿಕ್ಕಿದಾಗ" ಎನ್ನುತ್ತಾರೆ.

ಇಪ್ಪತ್ತೈದು ವರ್ಷ ಅವರು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹಾಕುವ ಸಾಲಿನಲ್ಲಿದ್ದವರು. ಊರಿನ ಇನ್ನೊಂದು ತುದಿಯಲ್ಲಿ ಒಂಟಿ ಕೋಣೆ, ತಿಂಗಳ ಸಂಬಳ, ಭಾನುವಾರ ತಮ್ಮನ ಮನೆಯ ಊಟ. ಎರಡೂವರೆ ವರ್ಷದ ಹಿಂದೆ ಒಂದು ಸಂಜೆ ತಮ್ಮನ ಹೆಂಡತಿ ಮಗುವಿನ ಕೈ ಹಿಡಿದು ತರಕಾರಿ ಅಂಗಡಿಯ ಎದುರು ನಿಂತಿದ್ದಾಗ, ಸರಕು ಇಳಿಸಲು ಬಂದ ಲಾರಿ ಹಿಂದಕ್ಕೆ ಸರಿಯಿತು. ಹಿಂದೆ ಯಾರಿದ್ದಾರೆ ಎಂದು ಚಾಲಕ ನೋಡಿರಲಿಲ್ಲ. ಅವಳು ಅಲ್ಲೇ ಸತ್ತಳು. ಮಗುವಿನ ಎಡಗಾಲು ಚಕ್ರದಡಿ ಸಿಕ್ಕಿತು. ಆಗ ಪುಟ್ಟಿಗೆ ನಾಲ್ಕು. ಅತ್ತೆ ಕಾರ್ಖಾನೆಯಿಂದ ನೇರವಾಗಿ ಆಸ್ಪತ್ರೆಗೆ ಬಂದರು. ಮತ್ತೆ ಆ ಸಾಲಿಗೆ ಹೋಗಿ ಕೂರಲಿಲ್ಲ.

ಮುರಿದ ಮೂಳೆ ಕೂಡಿದರೂ ಆ ಕಾಲು ಬೆಳೆಯುವುದರಲ್ಲಿ ಹಿಂದೆ ಬೀಳುತ್ತಿದೆ. ಎಂಟು ತುಂಬುವುದರೊಳಗೆ ಶಸ್ತ್ರಚಿಕಿತ್ಸೆ ಆದರೆ ಸರಿಹೋಗಬಹುದು, ತಡವಾದರೆ ಕಷ್ಟ ಎಂದು ವೈದ್ಯರು ಹೇಳಿದ್ದಾರೆ. ಬೇಕರಿಯ ಸಂಬಳದಲ್ಲಿ ಅದು ಕನಸಿನ ಮಾತು. ಉಳಿದಿದ್ದು ಅಪಘಾತದ ಪರಿಹಾರವೊಂದೇ. ಮಗುವಿನ ಗಾಯಕ್ಕೆ ಸಿಕ್ಕಿದ್ದು ಆಸ್ಪತ್ರೆಯ ಹಳೆಯ ಬಾಕಿಗೇ ಮುಗಿದಿತ್ತು. ಇನ್ನು ತಾಯಿಯ ಸಾವಿನ ದಾವೆಯಿಂದಲೇ ಆಗಬೇಕು.

ಸಂಬಳಕ್ಕೆ ದುಡಿಯುವವರು ಸತ್ತರೆ ಲೆಕ್ಕ ಹಾಕುವುದು ಸುಲಭ, ಇಷ್ಟು ತರುತ್ತಿದ್ದರು, ಇನ್ನಿಷ್ಟು ವರ್ಷ ತರುತ್ತಿದ್ದರು ಎಂದು. ಗೃಹಿಣಿ ಏನು ತರುತ್ತಿದ್ದಳು? ಆಕೆಯ ಕೆಲಸವನ್ನು ಬೇರೊಬ್ಬರಿಂದ ಮಾಡಿಸಿದರೆ ಏನು ಖರ್ಚಾದೀತು ಎಂದು ನೋಡುತ್ತಾರೆ. ಇಲ್ಲಿ ಬೇರೊಬ್ಬರು ಅತ್ತೆ. ಅವರು ಕಾಸು ತೆಗೆದುಕೊಳ್ಳುವುದಿಲ್ಲ. ವಿಮಾ ಕಂಪನಿಯ ವಕೀಲ ಮೊದಲ ದಿನವೇ ಎದ್ದು ನಿಂತು ಕೇಳಿದ ಪ್ರಶ್ನೆ ಇಷ್ಟೇ: ಮನೆ ನಡೆಯುತ್ತಿದೆಯಲ್ಲ, ನಷ್ಟವೇನು? ಕೊಡುವುದಿದ್ದರೂ ಅರ್ಧ ಸಾಕು.

ಮನೆಯವರ ವಕೀಲರ ಕಚೇರಿ ಜೆರಾಕ್ಸ್ ಅಂಗಡಿಯ ಮೇಲಿದೆ. ಕುರ್ಚಿಗಳ ಮೇಲೆಲ್ಲ ಫೈಲುಗಳಿರುವುದರಿಂದ ಬಂದವರು ನಿಂತೇ ಮಾತಾಡಬೇಕು.

"ಅಮ್ಮಾ, ನಿಮ್ಮ ಕೈ ಚುರುಕೇ ನಮ್ಮ ಕೇಸಿಗೆ ಮುಳುವಾಗಿದೆ. ಸ್ವಲ್ಪ ದಿನ ಸೋಮಾರಿ ಆಗಿ" ಎಂದರಂತೆ ಅವರು.

"ಈ ವಯಸ್ಸಲ್ಲಿ ಹೊಸ ವಿದ್ಯೆ ಕಲೀಬೇಕಾ ಸ್ವಾಮಿ?"

ಕಲಿಯಲಾಗಲಿಲ್ಲ. ಪರಿಶೀಲಕ ಬಂದಾಗ ನೆಲದಲ್ಲಿ ಮುಖ ಕಾಣುತ್ತಿತ್ತು. ಮನೆಗೆ ಬಂದವರಿಗೆ ಗಲೀಜು ತೋರಿಸುವುದು ಹೇಗೆ ಎಂದು ಅತ್ತೆ ಇವತ್ತಿಗೂ ಕೇಳುತ್ತಾರೆ. ಅವನಿಗೆ ಚಹಾ ಕೊಟ್ಟರು. ಅವನು ಲೋಟ ಎತ್ತಿದಾಗ ಅಂಗಿಯ ತೋಳಿನ ತುದಿಯಲ್ಲಿ ಗುಂಡಿಯೊಂದು ಒಂದೇ ಎಳೆಯಲ್ಲಿ ಜೋತಾಡುತ್ತಿರುವುದು ಕಂಡಿತು.

"ಬಿದ್ದೋಗುತ್ತೆ ನೋಡಪ್ಪ, ಕೈ ಕೊಡು ಇಲ್ಲಿ."

"ಬೇಡಮ್ಮ, ನಾನು ಕೆಲಸದ ಮೇಲೆ ಬಂದಿರೋದು."

"ನಂದೂ ಕೆಲಸಾನೇ. ಅಲ್ಲಾಡ್ಬೇಡ, ಸೂಜಿ ಚುಚ್ಚುತ್ತೆ."

ಅವನು ಚಹಾ ಕುಡಿದು ಮುಗಿಸುವುದರೊಳಗೆ ಗುಂಡಿ ಭದ್ರವಾಯಿತು. ಇನ್ನೊಂದು ಕೈಯ ಗುಂಡಿಯನ್ನೂ ಎಳೆದು ನೋಡಿದರು. ಪಾಪದ ಹುಡುಗ, ಮೆಟ್ಟಿಲಿಳಿಯುವಾಗ ಎರಡು ಸಲ ತಿರುಗಿ ನೋಡಿದ ಎನ್ನುತ್ತಾರೆ. ವಾರದ ಬಳಿಕ ಅವನ ವರದಿ ನ್ಯಾಯಾಲಯಕ್ಕೆ ಬಂತು: ಮನೆ ಅಚ್ಚುಕಟ್ಟಾಗಿದೆ, ಮಗು ಶುಭ್ರವಾಗಿದೆ, ಸಮರ್ಥ ಮಹಿಳೆಯೊಬ್ಬರು ಸಂಬಳವಿಲ್ಲದೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಾರೆ, ಯಾವ ಕೊರತೆಯೂ ಕಂಡುಬಂದಿಲ್ಲ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಇನ್ನೊಂದು ದಾರಿಯನ್ನು ವಕೀಲರೇ ಹುಡುಕಿದರು. ತಮ್ಮನಿಂದ ತಿಂಗಳಿಗಿಷ್ಟು ಸಂಬಳ ಪಡೆಯುತ್ತೇನೆ ಎಂದು ಅತ್ತೆ ಸಾಕ್ಷಿ ಹೇಳಿದರೆ ಸಾಕು, ನಷ್ಟ ಇದೆ ಎಂದಾಗುತ್ತದೆ. ಬೇಕಾದರೆ ನಿಜವಾಗಿಯೇ ಕೈಗೆ ಕೊಟ್ಟು ವಾಪಸು ಈಸಿಕೊಳ್ಳಲಿ. ತಮ್ಮ ಒಪ್ಪಿದ. ಅತ್ತೆಯೂ ತಲೆಯಾಡಿಸಿದರು. ಸಾಕ್ಷಿಕಟ್ಟೆಗೆ ಹೋಗುವ ಬೆಳಿಗ್ಗೆ ಬಸ್ಸಿನಲ್ಲಿ ಮೊತ್ತವನ್ನು ಬಾಯಿಪಾಠ ಮಾಡಿಕೊಂಡೇ ಹೋದರು.

"ಈ ಕೆಲಸಕ್ಕೆ ನಿಮಗೆ ಸಂಬಳ ಎಷ್ಟು?" ಎಂದು ಕಂಪನಿಯ ವಕೀಲ ಕೇಳಿದ.

ಅತ್ತೆ ತಮ್ಮನ ಕಡೆ ನೋಡಿದರು. ಅವನು ಬೆಂಚಿನ ತುದಿಯಲ್ಲಿ ಕೂತು ಕಣ್ಣಲ್ಲೇ ಬೇಡುತ್ತಿದ್ದ. ಬಾಯಿಪಾಠದ ಮೊತ್ತ ನಾಲಗೆಯ ಮೇಲೇ ಇತ್ತಂತೆ. ಬಾಯಿ ತೆರೆದಾಗ ಬಂದದ್ದು ಬೇರೆ.

"ತಮ್ಮನ ಮಗೂಗೆ ಊಟ ಹಾಕೋಕೆ ಯಾರಾದ್ರೂ ಸಂಬಳ ಈಸ್ಕೊಳ್ತಾರಾ ಸ್ವಾಮಿ? ನಿಮ್ಮನೇಲಿ ಈಸ್ಕೊಳ್ತಾರಾ?"

ನ್ಯಾಯಾಲಯ ನಕ್ಕಿತು. ಕಂಪನಿಯ ವಕೀಲನೂ ನಗುತ್ತಲೇ ಕೂತ. ಅವನಿಗೆ ಕೇಳಲು ಇನ್ನೇನೂ ಇರಲಿಲ್ಲ.

ನಗದಿದ್ದವನು ತಮ್ಮನೊಬ್ಬನೇ. ಬಸ್ಸಿಗೆ ಕಾಯುವಾಗ ಅವನ ಸಿಟ್ಟು ಹೊರಬಿತ್ತು. "ಒಂದೇ ಒಂದು ಮಾತು ಅಕ್ಕ. ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಮಾನ ಮಾನ ಅಂದ್ಕೊಂಡು ಮಗು ಕಾಲು ಕಳೆದ್ಯಲ್ಲ."

ಅವನು ಹೇಳಿದ್ದು ಸರಿ ಎಂದೇ ಅತ್ತೆಗೂ ಅನ್ನಿಸಿತ್ತು. ಆ ವಾರ ಪುಟ್ಟಿಯ ಪಾದ ಹಿಡಿದು ಒತ್ತುವಾಗಲೆಲ್ಲ ತಮ್ಮನ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. "ಕಿವಿ ತೊಳ್ಕೊಂಡ್ರೂ ಹೋಗದ ಮಾತು ಇರುತ್ತಲ್ಲ, ಹಂಗೆ" ಎನ್ನುತ್ತಾರೆ.

ಕೊನೆಯ ಪ್ರಯತ್ನವೆಂದು ವಕೀಲರು ಮಗುವನ್ನು ಒಮ್ಮೆ ಕೇಳಿ ನೋಡಿ ಎಂದು ನ್ಯಾಯಾಧೀಶರನ್ನು ವಿನಂತಿಸಿದರು. ಇಂಥದ್ದೇ ಹೇಳು ಎಂದು ಯಾರೂ ಹೇಳಿಕೊಡಲಿಲ್ಲ; ಹೇಳಿಕೊಟ್ಟರೆ ಇವಳು ಅದನ್ನೂ ಹೇಳಿಬಿಡುತ್ತಾಳೆ ಎಂಬ ಭಯ. ನ್ಯಾಯಾಧೀಶರು ವಯಸ್ಸಾದವರು, ಅಂದು ಅವರಿಗೆ ನೆಗಡಿ. ಮಗುವನ್ನು ಸಾಕ್ಷಿಕಟ್ಟೆಗೆ ಹತ್ತಿಸದೆ ತಮ್ಮ ಮೇಜಿನ ಪಕ್ಕಕ್ಕೇ ಕರೆದರು. ಮೂರು ಪದರದ ಬೂಟು ಒಂದೊಂದೇ ಮೆಟ್ಟಿಲನ್ನು ಹತ್ತುವವರೆಗೆ ಎಲ್ಲರೂ ಕಾಯಬೇಕಾಯಿತು.

"ನಿಮ್ಮಮ್ಮ ನಿನಗೆ ಏನೇನು ಮಾಡ್ತಿದ್ರು ಮಗು?"

"ಊಟ ಮಾಡಿಸ್ತಿದ್ಲು."

"ಆಮೇಲೆ?"

"ಬೈತಿದ್ಲು."

"ನಮ್ಮಮ್ಮನೂ ಬೈತಿದ್ಲು. ಆಮೇಲೆ?"

ಪುಟ್ಟಿ ಮೇಜಿನ ಮೇಲಿನ ನೀರಿನ ಹೂಜಿಯನ್ನು ನೋಡುತ್ತ ಯೋಚಿಸಿದಳು. "ನಿದ್ದೆ ಬರ್ದೇ ಇದ್ರೆ ಅಂಗೈಯಲ್ಲಿ ಬೆರಳಿಂದ ಅಕ್ಷರ ಬರೀತಿದ್ಲು. ಕತ್ಲಲ್ಲಿ. ಯಾವ ಅಕ್ಷರ ಅಂತ ನಾನು ಹೇಳ್ಬೇಕು. ತಪ್ಪು ಹೇಳಿದ್ರೆ ಅಳಿಸ್ತಿದ್ಲು, ಹಿಂಗೆ." ತನ್ನ ಒಂದು ಅಂಗೈಯನ್ನು ಇನ್ನೊಂದರಿಂದ ಉಜ್ಜಿ ತೋರಿಸಿದಳು. "ಸರಿಯಾಗಿ ಹೇಳೋಷ್ಟ್ರಲ್ಲಿ ನಿದ್ದೆ ಬಂದ್ಬಿಡ್ತಿತ್ತು."

ಬೆರಳಚ್ಚಿನವಳ ಕೈ ನಿಂತಿತು. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ಬರೆದುಕೊಳ್ಳಿ ಎಂದು ಸನ್ನೆ ಮಾಡಿದರು.

ಬೆಂಚಿನ ಮೇಲೆ ಕೂತಿದ್ದ ಅತ್ತೆ ಮಾತ್ರ ತೋರುಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ತಾಯಿ ಸತ್ತಾಗ ಪುಟ್ಟಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಅಂಗೈಯ ಅಕ್ಷರ ಶುರುವಾದದ್ದು ಆಸ್ಪತ್ರೆಯಲ್ಲಿ, ಅವಳ ಕಾಲನ್ನು ತೂಕ ಕಟ್ಟಿ ಎತ್ತರಕ್ಕೆ ತೂಗುಹಾಕಿದ್ದಾಗ. ವಾರ್ಡಿನ ದೀಪ ಬೇಗ ಆರಿಸುತ್ತಿದ್ದರು. ಮಗು ಅತ್ತರೆ ಅಕ್ಕಪಕ್ಕದ ಮಂಚದವರು ಗೊಣಗುತ್ತಿದ್ದರು, ಕಥೆ ಹೇಳಿದರೂ ಗೊಣಗುತ್ತಿದ್ದರು. ಸದ್ದೂ ಬೇಡದ ಬೆಳಕೂ ಬೇಡದ ಆಟವೊಂದನ್ನು ಅತ್ತೆ ಆ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಕಂಡುಹಿಡಿದರು. ಮನೆಗೆ ಬಂದ ಮೇಲೂ ಕೆಲವು ತಿಂಗಳು ನಡೆಯಿತು. ಶಾಲೆಗೆ ಸೇರಿದ ಮೇಲೆ ಮಗು ಹಾಸಿಗೆ ಕಂಡೊಡನೆ ಮಲಗತೊಡಗಿತು, ಆಟ ನಿಂತಿತು. ಕತ್ತಲಲ್ಲಿ ಮುಖ ಕಾಣದ ಆ ಬೆರಳು ಪುಟ್ಟಿಯ ನೆನಪಿನಲ್ಲಿ ಅಮ್ಮನದಾಗಿಬಿಟ್ಟಿದೆ.

"ಸಂಬಳದ ಸುಳ್ಳು ನನ್ನ ಬಾಯಿಗೆ ಬರ್ಲಿಲ್ಲ. ಇದು ಸುಳ್ಳಲ್ಲ, ಮಗು ಸುಳ್ಳು ಹೇಳಿಲ್ಲ. ನಿಜಾನೂ ಅಲ್ಲ. ಇದನ್ನ ಏನಂತ ಕರೀತಾರೆ? ಓದಿದೋರು ನೀವೇ ಹೇಳಿ" ಎಂದು ಅತ್ತೆ ಕೇಳುತ್ತಾರೆ. ಕೇಳಿ, ಉತ್ತರಕ್ಕೆ ಕಾಯದೆ, ನೆನೆಹಾಕಿದ ಅಂಗಿಯ ಕಾಲರು ಉಜ್ಜುತ್ತಾರೆ. ತೀರ್ಪಿಗೆ ಕಾಯುತ್ತಿದ್ದ ತಿಂಗಳಲ್ಲಿ ಒಂದು ದಿನ ವಕೀಲರಿಗೆ ಹೇಳಿಬಿಡೋಣವೆಂದು ಜೆರಾಕ್ಸ್ ಅಂಗಡಿಯವರೆಗೆ ಹೋಗಿದ್ದರು. ಮೆಟ್ಟಿಲ ಬುಡದಲ್ಲಿ ನಿಂತು ವಾಪಸು ಬಂದರು. ಹೇಳಿದರೆ ಕಾಲು ಹೋಗುತ್ತದೆ, ಹೇಳದಿದ್ದರೆ ನಿದ್ದೆ ಹೋಗುತ್ತದೆ.

ಬಟ್ಟೆ ಹಿಂಡಿ ಹರವುವಾಗ ಇನ್ನೊಂದು ಮಾತು, ನಮಗೆ ಬೆನ್ನು ಹಾಕಿ. "ಅವರಮ್ಮಂದು ಅಂತ ಮಗು ಹತ್ರ ಬೇರೇನೂ ಉಳಿದಿಲ್ಲ. ಊಟ, ಬೈಗುಳ ಯಾವ ತಾಯಾದ್ರೂ ಮಾಡ್ತಾಳೆ. ಅವರಮ್ಮಂದೇ ಅಂತ ಇರೋದು ಅದೊಂದು. ಅದೂ ನಂದು."

ತೀರ್ಪು ಬಂದ ದಿನ ತಮ್ಮ ಅದರ ಪ್ರತಿ ಹಿಡಿದು ಬೇಕರಿಯ ಅಂಗಿಯಲ್ಲೇ ಮನೆಗೆ ಓಡಿ ಬಂದ. ಹೊಸ್ತಿಲ ಬಳಿ ನೆಲದ ಮೇಲೇ ಕೂತು ಗಟ್ಟಿಯಾಗಿ ಓದತೊಡಗಿದ. ಅತ್ತೆ ಈರುಳ್ಳಿ ಹೆಚ್ಚುತ್ತಿದ್ದರು, ಪುಟ್ಟಿ ಪಕ್ಕದಲ್ಲಿ ಸಿಪ್ಪೆ ಕೂಡಿಸುತ್ತಿದ್ದಳು.

ಗೃಹಿಣಿಯ ಕೆಲಸಕ್ಕೆ ಒಂದು ಮೊತ್ತ ಕಟ್ಟಿದ್ದರು. ಅದರಲ್ಲಿ ಮೂರನೇ ಒಂದು ಪಾಲು ಕಳೆದಿದ್ದರು. ಬದುಕಿದ್ದರೆ ಆಕೆಯ ಸ್ವಂತ ಊಟ ಬಟ್ಟೆಗೆ ಅಷ್ಟು ಖರ್ಚಾಗುತ್ತಿತ್ತು ಎಂದು.

ಅತ್ತೆಯ ಚಾಕು ನಿಂತಿತು. "ಅವಳ ಊಟಾನಾ? ಅವಳು ತಿಂತಿದ್ದಿದ್ದು ತಳ ಹತ್ತಿದ್ದು, ನಿಮ್ಮಿಬ್ಬರಿಗೂ ಬೇಡವಾಗಿದ್ದು. ಅದನ್ನ ಕಳೆದ್ರಾ?"

"ಕೇಳು ಅಕ್ಕ, ಮುಂದೆ ಕೇಳು."

ಮುಂದಿನದು ಕಂಪನಿಯ ವಾದದ ಬಗ್ಗೆ. ಅತ್ತೆ ಪುಕ್ಕಟೆ ದುಡಿಯುತ್ತಿರುವುದರಿಂದ ಅರ್ಧ ಕೊಟ್ಟರೆ ಸಾಕೆಂಬ ಮಾತನ್ನು ನ್ಯಾಯಾಧೀಶರು ಒಪ್ಪಿರಲಿಲ್ಲ. ತಮ್ಮ ಒಂದೊಂದೇ ಪದವನ್ನು ಬಿಡಿಸಿ ಓದಿದ: "ಸಂಬಂಧಿಕರೊಬ್ಬರು ಅಡುಗೆ, ಬಟ್ಟೆಬರೆ ನೋಡಿಕೊಳ್ಳಬಹುದು. ಆದರೆ ಕತ್ತಲಲ್ಲಿ ಮಗುವಿನ ಅಂಗೈಯಲ್ಲಿ ಅಕ್ಷರ ಬರೆದು ಮಲಗಿಸುತ್ತಿದ್ದ ತಾಯಿಯ ಜಾಗವನ್ನು ಅವರು ತುಂಬಲಾರರು."

ಆ ಸಾಲು ಅವನಿಗೆ ಎರಡನೆಯ ಸಲ ಓದಲು ಆಗಲಿಲ್ಲ. ಕಾಗದವನ್ನು ಮೊಣಕಾಲಿನ ಮೇಲಿಟ್ಟು ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡ.

"ಅರ್ಧ ಮಾಡಿಲ್ಲ ಅಕ್ಕ, ಉಳಿದಿದ್ದು ಪೂರ್ತಿ ಬರುತ್ತೆ. ಪುಟ್ಟಿ ಆಪರೇಷನ್‌ಗೆ ಸರಿಹೋಗುತ್ತೆ."

"ನಾನೇ ಹೇಳಿದ್ದು!" ಎಂದಳು ಪುಟ್ಟಿ, ಸಿಪ್ಪೆಯ ಬಟ್ಟಲು ಎತ್ತಿ ಹಿಡಿದು.

"ಹೂಂ ತಾಯಿ, ನೀನೇ ಹೇಳಿದ್ದು." ಅವನು ಮಗಳನ್ನು ತಬ್ಬಿಕೊಂಡು ಅವಳ ತಲೆಯ ಮೇಲಿನಿಂದ ಅಕ್ಕನನ್ನು ನೋಡಿದ. "ಅವಳು ಹಿಂಗೆಲ್ಲ ಮಾಡ್ತಿದ್ಲು ಅಂತ ನಂಗೇ ಗೊತ್ತಿರ್ಲಿಲ್ಲ ನೋಡಕ್ಕ. ಒಂದಿನಾನೂ ಕೇಳ್ಲಿಲ್ಲ ನಾನು. ಬಂದೋನೆ ಬಿದ್ಕೊಂಡುಬಿಡ್ತಿದ್ದೆ."

ಕಂಪನಿ ಈಗ ಹಣ ಕಟ್ಟಿದೆ, ಆಸ್ಪತ್ರೆಯಲ್ಲಿ ದಿನ ಗೊತ್ತಾಗಿದೆ. ಆದರೆ ಆ ಸಂಜೆ ಅದೊಂದೂ ಇನ್ನೂ ಆಗಿರಲಿಲ್ಲ. ಬಾಯಿ ತೆರೆಯಲು ಒಂದು ತಿಂಗಳಿನಿಂದ ಕಾದಿದ್ದ ಅತ್ತೆಗೆ ತಮ್ಮನ ಮುಖ, ಮಗುವಿನ ಮುಖ ಎರಡೂ ಒಟ್ಟಿಗೆ ಕಂಡವು. ತಮ್ಮನಿಗೆ ಹೆಂಡತಿಯ ಬಗ್ಗೆ ಹೊಸದೊಂದು ಸಂಗತಿ ಸಿಕ್ಕಿತ್ತು, ಸತ್ತು ಎರಡೂವರೆ ವರ್ಷದ ಮೇಲೆ.

"ಅವಳು ಹಂಗೇ ಕಣೋ. ಮಾಡಿದ್ದನ್ನ ಹೇಳ್ಕೊಳ್ಳೋಳಲ್ಲ" ಎಂದರು ಅತ್ತೆ.

ಅಷ್ಟು ಹೇಳಿ ಈರುಳ್ಳಿಯ ಕಡೆ ತಿರುಗಿಕೊಂಡರು. ವಕೀಲರಿಗಾಗಲಿ, ತಮ್ಮನಿಗಾಗಲಿ, ಮುಂದೊಂದು ದಿನ ದೊಡ್ಡವಳಾಗಿ ಬಂದು ಕೇಳಿದರೆ ಪುಟ್ಟಿಗಾಗಲಿ, ಆ ಬೆರಳು ಯಾರದೆಂದು ಹೇಳುವುದಿಲ್ಲ ಎಂದು ಅವರು ಅಲ್ಲೇ ತೀರ್ಮಾನಿಸಿದರು.